ಮಂಗಳಗ್ರಹದ ಕೂಲಿ ಹೆಂಗಸರು

ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸದ ಹೊತ್ತಿಗೆ ಚಿತ್ರಕತೆಯ ಪುಸ್ತಕ ಓದಿದಳೆಂದು ರುಕ್ಮವ್ವನನ್ನು ಗಂಧಕದ ಕೋಣೆಗೆ ಹಾಕಿದರು. ಹನ್ನೊಂದು ತಿಂಗಳಿಗೆ ಅವಳು ಸತ್ತಳು. ವಯಸ್ಸು ನಲವತ್ತಾರು.

ಮೂರನೆಯ ಕೊಡದ ನೀರು ಸುರಿದರೂ ಅವಳ ತಲೆಗೂದಲಿನ ವಾಸನೆ ಹೋಗಲಿಲ್ಲ. ನೀಲಾ ಸೀಗೆಪುಡಿ ಹಾಕಿ ಮತ್ತೆ ತಿಕ್ಕಿದಳು. ಬೆಂಕಿಕಡ್ಡಿ ಗೀರಿದ ಕೂಡಲೇ ಮೂಗಿಗೆ ಬಡಿಯುತ್ತದಲ್ಲ, ಆ ಘಾಟು. ಒಂಬತ್ತು ವರ್ಷ ಒಂದೇ ಮೇಜಿಗೆ ಮೊಣಕೈಗೆ ಮೊಣಕೈ ತಾಗಿಸಿ ಕೂತವಳು ಸತ್ತು ಮಲಗಿದ್ದಾಳೆ, ಅಳು ಬರಬೇಕಿತ್ತು. ನೀಲಾಳಿಗೆ ಬರುತ್ತಿದ್ದುದು ಕೆಮ್ಮು.

"ಸಾಕ್ ಬಿಡ ಬೇ," ಎಂದಳು ಪೀರಾಂಬಿ. ಅದೇ ಮೇಜಿನ ಇನ್ನೊಂದು ಬದಿಯವಳು, ಎಂಟು ಹೆಂಗಸರಲ್ಲಿ ಹಿರಿಯಳು. "ವಾಸನಿ ಕೂದಲದಾಗಿಲ್ಲ. ಒಳಗಿಂದ ಬರಾಕತ್ತೈತಿ."

ಗಂಧಕದ ಕೋಣೆಯೆಂದರೆ ಶೆಡ್ಡಿನ ಹಿಂಬದಿಯ ಕಿಟಕಿಯಿಲ್ಲದ ಕೋಣೆ. ದ್ರಾಕ್ಷಿ ತನ್ನ ಪಾಡಿಗೆ ಒಣಗಿದರೆ ಕಂದಾಗುತ್ತದೆ. ಪೇಟೆಗೆ ಬೇಕಾದದ್ದು ಬಂಗಾರದ ಬಣ್ಣ. ಆ ಬಣ್ಣ ಬರಿಸಲು ಟ್ರೇಗಳನ್ನು ಒಳಗೆ ಜೋಡಿಸಿ, ಕೆಳಗೆ ಗಂಧಕ ಸುಟ್ಟು ಬಾಗಿಲು ಮುಚ್ಚುತ್ತಾರೆ. ಹೊಗೆ ಪೂರಾ ಇಳಿಯುವವರೆಗೆ ಕಾಯುವಷ್ಟು ಪುರುಸೊತ್ತು ಶೆಡ್ಡಿಗಿಲ್ಲ. ಸೆರಗನ್ನು ಮೂಗಿಗೆ ಬಿಗಿದುಕೊಂಡು ಒಳಗೆ ಹೋಗಿ, ಒಂದೊಂದೇ ಟ್ರೇ ಹೊರಗೆ ತರುವುದು ರುಕ್ಮವ್ವನ ಕೆಲಸವಾಗಿತ್ತು.

ತಿಕೋಟಾದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ರುಕ್ಮವ್ವನ ಎರಡು ಕೋಣೆಯ ಮನೆಯಲ್ಲಿ ಬುದ್ಧನ ಪಟ ಒಂದು, ಬಾಬಾಸಾಹೇಬರ ಪಟ ಒಂದು. ಕೆಳಗಿನ ಗೂಡಿನಲ್ಲಿ ಹಳೆಯ ಲುಂಗಿಯಲ್ಲಿ ಕಟ್ಟಿಟ್ಟ ಪುಸ್ತಕದ ಗಂಟು. ಮಗಳು ವಿಶಾಖಾ ಬಾಗಿಲಿಗೆ ಒರಗಿ ನಿಂತಿದ್ದಳು. ವಿಜಯಪುರದಲ್ಲಿ ಬಿ.ಎ. ಎರಡನೆಯ ವರ್ಷ. ಅಲ್ಲಿಂದಲೇ ಕೇಳಿದಳು.

"ನೀಲಕ್ಕ, ನಾಳೆ ಆಫೀಸರ್ ಬಂದ್ರ ನೀ ಏನ್ ಹೇಳಾಕಿ?"

ನೀಲಾ ನಾಲ್ಕನೆಯ ಕೊಡಕ್ಕೆ ಕೈ ಹಾಕಿದಳು.

ವಿಜಯಪುರದ ದವಾಖಾನೆಯ ಡಾಕ್ಟರು ಚೀಟಿಯಲ್ಲಿ ಹೊಗೆಯ ಮಾತು ಬರೆದಿದ್ದರು. ಆ ಚೀಟಿಯನ್ನು ಹಿಡಿದು ವಿಶಾಖಾ ಕಾರ್ಮಿಕರ ಕಚೇರಿಗೆ ನಾಲ್ಕು ಸಲ ಅಲೆದಿದ್ದಳು. ಸೋಮವಾರ ಶೆಡ್ಡಿಗೆ ಬಂದು ವಿಚಾರಿಸುವುದಾಗಿ ಅಲ್ಲಿಂದ ಹೇಳಿಕಳಿಸಿದ್ದರು. ಶೆಡ್ಡಿನ ಹಾಜರಿ ಪುಸ್ತಕದಲ್ಲಿ ಮಾತ್ರ ರುಕ್ಮವ್ವ ಕಡೆಯ ದಿನದವರೆಗೂ ಮೇಜಿನ ಕೆಲಸದಲ್ಲೇ ಇದ್ದಳು. ಇವತ್ತು ಭಾನುವಾರ.

*

ಓದು ಶುರುವಾದದ್ದು ತೂಕಡಿಕೆಯಿಂದ.

ಮಣೂಕ ಆರಿಸುವುದೆಂದರೆ, ಒಣದ್ರಾಕ್ಷಿಗೆ ಅಲ್ಲಿ ಹಾಗೆನ್ನುತ್ತಾರೆ, ದಿನಕ್ಕೆ ಒಂಬತ್ತು ತಾಸು ತಲೆ ತಗ್ಗಿಸಿ ಕಡ್ಡಿ, ಕಲ್ಲು, ಕರಿಕಾಳು ತೆಗೆಯುವುದು. ಮಧ್ಯಾಹ್ನ ಮೂರು ಹೊಡೆದರೆ ಇಡೀ ಮೇಜು ತೂಗುತ್ತಿತ್ತು. ರುಕ್ಮವ್ವನ ಅಪ್ಪ ಅವ್ವ ಸಾಂಗಲಿಯ ಕಡೆ ಇಟ್ಟಿಗೆ ಭಟ್ಟಿಗೆ ದುಡಿಯಲು ಹೋದವರು. ಅಲ್ಲಿ ಅವಳು ಮರಾಠಿ ಸಾಲಿಯಲ್ಲಿ ಏಳನೆಯವರೆಗೆ ಓದಿದ್ದಳು. ಹಿಂದಿಯೂ ಅದೇ ಲಿಪಿ. ಒಮ್ಮೆ ಗೋಳಗುಮ್ಮಟದ ಎದುರಿನ ಯುನುಸನ ಅಂಗಡಿಯಿಂದ, ಟೊಪ್ಪಿಗೆ, ಪೋಸ್ಟ್‌ಕಾರ್ಡು, ಪ್ಲಾಸ್ಟಿಕ್ ಆನೆಗಳ ನಡುವೆ ನೇತುಬಿದ್ದಿದ್ದ ಹೊಸ ಚಿತ್ರಕತೆಯೊಂದನ್ನು ಮಗಳಿಗೆಂದು ತಂದಳು. ಮಗಳು ಮೂಸಿಯೂ ನೋಡಲಿಲ್ಲ. ತಂದದ್ದು ಸುಮ್ಮನೆ ಹೋಗಬಾರದೆಂದು ಮರುದಿನ ಶೆಡ್ಡಿಗೆ ಒಯ್ದಳು.

ಕೈ ಪುಸ್ತಕ ಹಿಡಿದರೆ ಟ್ರೇ ಯಾರು ತುಂಬಬೇಕು? ಪೀರಾಂಬಿಯೇ ತೀರ್ಮಾನ ಮಾಡಿದಳು. ಪ್ರತಿಯೊಬ್ಬಳೂ ತನ್ನ ಟ್ರೇ ತುಂಬಿದಾಗ ಒಂದು ಬೊಗಸೆ ರುಕ್ಮವ್ವನ ಟ್ರೇಗೆ ಹಾಕಬೇಕು. ಏಳು ಹೆಂಗಸರು, ಏಳು ಬೊಗಸೆ. ಯಾರೂ ಎದುರಾಡಲಿಲ್ಲ. ಹೀಗೆ ಆರಿಸುವವಳು ಓದುವವಳಾದಳು.

ತಿಂಗಳಿಗೆ ಮೂರು ಹೊಸ ಪುಸ್ತಕ ಬರುತ್ತಿದ್ದವು. ಅವುಗಳ ಹಿಂದಿ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಮೇಜಿನವರು ಇಟ್ಟ ಹೆಸರೇ ಹೆಸರು: ಹಾರೂದು, ಹೆದರ್ಸೂದು, ಮ್ಯಾಲಿಂದು. ಹಾರೂದರಲ್ಲಿ ಕೆಂಪು ಬಟ್ಟೆಯ ಹೆಣ್ಣೊಬ್ಬಳು ಲುಚ್ಚರನ್ನು ಹಿಡಿದು ಆಕಾಶಕ್ಕೆ ಎಸೆಯುತ್ತಿದ್ದಳು. ಪುಸ್ತಕದಲ್ಲಿ ನೂರು ಮಾಳಿಗೆಯ ಕಟ್ಟಡಗಳ ಊರಿತ್ತು. ರುಕ್ಮವ್ವನ ಬಾಯಲ್ಲಿ ಅವಳು ಗೋಳಗುಮ್ಮಟದ ನೆತ್ತಿಯಿಂದ ಹಾರಿ ಬಬಲೇಶ್ವರದ ಹಾದಿಗೆ ಇಳಿಯುತ್ತಿದ್ದಳು. "ಯಾಂವಲೇ ಅಂವ" ಎಂದು ಕೇಳಿಯೇ ಗುದ್ದುತ್ತಿದ್ದಳು. ಮೂರು ತಿಂಗಳು ಕೇಳಿದ ಮೇಲೆ ಪೀರಾಂಬಿ ಒಂದು ತಕರಾರು ತೆಗೆದಳು: ಇವಳು ಉಣ್ಣುವುದು ಯಾವಾಗ? ಮರುದಿನವೇ ಆ ಹೆಣ್ಣು ಹಾರುವುದನ್ನು ಬಿಟ್ಟು ಒಂದು ಗೋಡೆಯ ನೆರಳಿಗೆ ಕೂತು ಎರಡು ರೊಟ್ಟಿ, ಕೆಂಪುಖಾರ ತಿಂದಳು. ಆ ಪುಟದ ಚಿತ್ರವನ್ನು ತೋರಿಸು ಎಂದು ಯಾರೂ ಕೇಳಲಿಲ್ಲ.

ಹೆದರ್ಸೂದು ಓದಿದ ದಿನ ಟ್ರೇಗಳು ಬೇಗ ತುಂಬುತ್ತಿದ್ದವು. ಬಾವಿಯೊಳಗಿಂದ ಕೈಯೊಂದು ಮೇಲೆ ಬರುತ್ತಿದ್ದರೆ ಹೆಂಗಸರ ಬೆರಳು ತಮಗೆ ತಿಳಿಯದಂತೆ ಓಡುತ್ತಿದ್ದವು. ಇದನ್ನು ಮೊದಲು ಕಂಡುಕೊಂಡವನು ಹೆಂಗಸರ ಕೆಲಸ ನೋಡಿಕೊಳ್ಳುವ ಮುಕಾದಮ, ಶ್ರೀಮಂತನೆಂಬವನು. ಅದಕ್ಕೇ ವರ್ಷಗಟ್ಟಲೆ ಅವನು ತಡೆಯಲಿಲ್ಲ. ಬಾಗಿಲಿಗೆ ಒರಗಿ ತಾನೂ ಕೇಳುತ್ತಿದ್ದ. ಒಂದು ಸಂಜೆ ಗಂಟೆ ಬಾರಿಸಿದ ಮೇಲೆ ರುಕ್ಮವ್ವನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, ಆ ಕೈ ಯಾರದು ಎಂದು ಕೇಳಿದ್ದ.

ಗಂಟೆ ಬಾರಿಸಿದಲ್ಲಿಗೆ ಓದು ನಿಲ್ಲುತ್ತಿತ್ತು. ನಿಂತಲ್ಲಿ ರುಕ್ಮವ್ವ ಪೆನ್ಸಿಲಿನಿಂದ ಅಂಚಿಗೆ ಏನೋ ಗೀಚಿ ಪುಸ್ತಕ ಮುಚ್ಚುತ್ತಿದ್ದಳು. ಹೀಗೆ ಎಂಟು ವರ್ಷ.

*

ಹತ್ತೂವರೆಗೆ ಶ್ರೀಮಂತನ ಮೋಟರ್‌ಸೈಕಲ್ಲು ಓಣಿಗೆ ಬಂತು. ಕೈಯಲ್ಲಿ ಚೆಂಡುಹೂವಿನ ದೊಡ್ಡ ಮಾಲೆ, ಶೆಡ್ಡಿನ ಧಣಿಗಳು ಕಳಿಸಿದ್ದು. ಚಪ್ಪಲಿ ಬಿಟ್ಟು ಒಳಬಂದು ಮಾಲೆ ಹಾಕಿ ಕೈ ಮುಗಿದ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿದ್ದವು, ಅದನ್ನು ನೀಲಾ ನೋಡಿದಳು.

ಹೊರಗೆ ಹೆಂಗಸರನ್ನು ಒಂದೆಡೆ ಸೇರಿಸಿ ಅವನು ಹೇಳಿದ್ದು ಇಷ್ಟು: ಧಣಿಗಳಿಗೆ ಬಹಳ ಬೇಜಾರಾಗಿದೆ. ಇವತ್ತು ಲೋಡಿದ್ದರೂ ರಜೆ ಕೊಟ್ಟಿದ್ದಾರೆ. ನಾಳೆ ಯಾರೋ ಬಂದು ಏನೇನೋ ಕೇಳುತ್ತಾರೆ. ರುಕ್ಮವ್ವನಿಗೆ ಸಣ್ಣಂದಿನಿಂದ ದಮ್ಮಿತ್ತು, ಮೇಜು ಬಿಟ್ಟು ಅವಳು ಎಲ್ಲಿಗೂ ಹೋದವಳಲ್ಲ. ಎಲ್ಲರೂ ಒಂದೇ ಮಾತು ಹೇಳಿದರೆ ಯಾರಿಗೂ ತ್ರಾಸಿಲ್ಲ.

"ಮೊದಲು ನಿನ್ನನ್ನ ಕೇಳ್ತಾರ ನೀಲಾ. ಬಾಜೂಕ ಕುಂಡ್ರಾಕಿ ನೀ."

ನೀಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಇದೇ ಮನುಷ್ಯನ ಮುಂದೆ, ಧಣಿಯ ಕಾರಿನ ಎದುರು, ತಾನು ಹನ್ನೊಂದು ತಿಂಗಳ ಹಿಂದೆ ಬಾಯಿ ತೆರೆದದ್ದು ನೆನಪಾಯಿತು. ಅದು ಮರೆತಿದ್ದರೆ ತಾನೆ ನೆನಪಾಗುವುದಕ್ಕೆ.

ವಿಜಯಪುರದ ಬಸ್ಸಿಳಿದು ಯುನುಸ ಬಂದ. ಅರವತ್ತು ದಾಟಿದ ಸಣಕಲ ಮನುಷ್ಯ. ಕಂಕುಳಲ್ಲಿ ಕಾಗದದ ಪೊಟ್ಟಣ. ಏನು ಮಾಡಬೇಕೆಂದು ತಿಳಿಯದೆ ಅದನ್ನು ವಿಶಾಖಾಳ ಕೈಗೆ ಕೊಟ್ಟು, ಈ ತಿಂಗಳದ್ದು, ನಿನ್ನೆಯೇ ಬಂದಿತ್ತು, ಅವಳಿಗೆಂದು ತೆಗೆದಿಟ್ಟಿದ್ದೆ ಎಂದ. ಈಗೆಲ್ಲ ಮೊಬೈಲಿನಲ್ಲೇ ನೋಡುತ್ತಾರೆ, ಕಾಗದದ್ದು ಕೇಳುವವರು ತನಗೆ ಉಳಿದದ್ದು ಇವಳೊಬ್ಬಳೇ ಎಂದೂ ಹೇಳಿದ. ಆಮೇಲೆ ಗೋಡೆಯ ಕಡೆ ತಿರುಗಿ ನಿಂತ.

*

ಕೆಟ್ಟದ್ದು ಮ್ಯಾಲಿಂದರ ದೆಸೆಯಿಂದ.

ಹೋದ ವರ್ಷದ ಹಂಗಾಮಿನ ಹೊತ್ತು. ಗ್ರಹ ನಕ್ಷತ್ರಗಳ ಆ ಪುಸ್ತಕದಲ್ಲಿ ಹೊಸ ಕತೆ ಶುರುವಾಗಿತ್ತು, ಮಂಗಳಗ್ರಹದ್ದು. ಮುಖಪುಟದಲ್ಲಿ ಹಣ್ಣು ಟೊಮ್ಯಾಟೊದಂಥ ಕೆಂಪು ಗ್ರಹ, ಅದರ ಮೇಲೆ ಸಾಲಾಗಿ ನಿಂತ ಜನ, ಒಬ್ಬೊಬ್ಬರ ತಲೆಗೂ ಗಾಜಿನ ದುಂಡು ಬುಟ್ಟಿ, ಬೆನ್ನಿಗೆ ನಳಿಗೆ. ರುಕ್ಮವ್ವ ಪುಸ್ತಕವನ್ನು ಎತ್ತಿ ತೋರಿಸಿದಳು.

"ಇವರು ಮಂಗಳದ ಮ್ಯಾಲ ಕೂಲಿಗಿ ಹೋದ ಹೆಣ್ಮಕ್ಕಳು. ಅಲ್ಲಿ ಗಾಳಿ ಕೆಟ್ಟೈತಿ. ಅದಕ್ಕ ಮಾಲಕ ಒಬ್ಬೊಬ್ಬರಿಗೂ ಗಾಜಿನ ಬುಟ್ಟಿ ಕೊಟ್ಟಾನ. ಅದರಾಗ ಚೊಲೋ ಗಾಳಿ ಬರ್ತೈತಿ."

ಏಳು ಜೊತೆ ಕೈಗಳು ನಿಂತವು. ಬಾವಿಯ ಕೈ ಮೇಲೆ ಬಂದಾಗಲೂ ಹಾಗೆ ನಿಂತಿರಲಿಲ್ಲ.

"ಕೂಲಿಯವರಿಗಿ?" ಎಂದಳು ಪೀರಾಂಬಿ. "ಪುಕ್ಕಟ?"

"ಪುಕ್ಕಟ."

ಆಗ ಗಂಧಕದ ಕೋಣೆಯಲ್ಲಿದ್ದವನು ರಾಯಪ್ಪ. ಅವನ ಕೆಮ್ಮು ಹಿಂಬದಿಯ ಗೋಡೆ ದಾಟಿ ದಿನವೂ ಮೇಜಿನವರೆಗೆ ಬರುತ್ತಿತ್ತು, ಫ್ಯಾನಿನ ಸದ್ದಿನ ಹಾಗೆ. ಆ ದಿನ ಎಲ್ಲರೂ ಅದನ್ನು ಮೊದಲ ಸಲ ಕೇಳಿದವರಂತೆ ಕೇಳಿದರು. ಮುಂದಿನ ಎರಡು ದಿನ ಮಂಗಳದ ಹೆಂಗಸರದೇ ಮಾತು. ಬುಟ್ಟಿಯೊಳಗೆ ಮೂಗು ತುರಿಸಿದರೆ ಹೇಗೆ, ಎಲೆಯಡಿಕೆ ಉಗುಳುವುದೆಲ್ಲಿ, ಅಲ್ಲಿಯ ಮುಕಾದಮನಿಗೂ ಬುಟ್ಟಿಯೇ. ಮೂರನೆಯ ದಿನ ನಗೆ ನಿಂತಿತು. ಧಣಿಯ ಕಾರು ಬಂದಾಗ ಎಂಟು ಹೆಂಗಸರೂ ಎದ್ದು ಹೊರಗೆ ಹೋದರು. ಗಾಜಿನ ಬುಟ್ಟಿ ಬೇಡ, ರಾಯಪ್ಪನಿಗೆ ಹೊಗೆ ತಡೆಯುವ ಮಾಸ್ಕಾದರೂ ಕೊಡಿಸಿ ಎಂದು ಕೇಳುವುದು, ಅಷ್ಟೇ. ಯಾರು ಕೇಳಬೇಕೆಂದು ಮಾತಾಗಿರಲಿಲ್ಲ. ನೀಲಾಳ ಬಾಯಿಂದ ಬಂದುಬಿಟ್ಟಿತು.

"ಮಂಗಳದ ಮ್ಯಾಲ ಕೊಡ್ತಾರಂತ್ರಿ. ತಿಕೋಟಾದಾಗ ಕೊಡಾಕ ಏನಾಗೈತ್ರಿ?"

ಧಣಿ ಕಾರಿನ ಬಾಗಿಲ ಮೇಲೆ ಕೈಯಿಟ್ಟು ನಕ್ಕ. ನಗುತ್ತಲೇ, ಇದನ್ನೆಲ್ಲ ನಿನಗೆ ಹೇಳಿದವರು ಯಾರು ಎಂದು ಕೇಳಿದ. ಆ ನಗೆಯನ್ನು ನೀಲಾ ನಂಬಿದಳು. ಮಗುವಿನ ಜಾಣತನವನ್ನು ನೆಂಟರಿಗೆ ಹೇಳುವವಳಂತೆ, ಹೆಮ್ಮೆಯಿಂದ, ಹೇಳಿದಳು.

"ರುಕ್ಮವ್ವ ಓದಿ ಹೇಳ್ಯಾಳ್ರಿ."

ಮರುದಿನ ರಾಯಪ್ಪನನ್ನು ಗೇಟಿಗೆ ಕೂರಿಸಿದರು. ಅವನ ಜಾಗಕ್ಕೆ ರುಕ್ಮವ್ವ. ವಾರದ ಮೇಲೆ ಶೆಡ್ಡಿನ ಹೆಸರು ಅಚ್ಚುಹಾಕಿಸಿದ ಎಂಟು ಕರವಸ್ತ್ರ ಬಂದವು. ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಅವನ್ನು ಮುಖಕ್ಕೆ ಕಟ್ಟಿಸಿ ಫೋಟೋ ತೆಗೆದರು.

ನೀನು ಯಾಕೆ ಹೇಳಿದೆ ಎಂದು ರುಕ್ಮವ್ವ ಒಂದು ದಿನವೂ ಕೇಳಲಿಲ್ಲ. ಮೊದಲ ಮಧ್ಯಾಹ್ನದ ಊಟದ ಬಿಡುವಿಗೆ ನೀಲಾ ಹಿಂಬದಿಗೆ ಹೋದಾಗ ಅವಳು ಗಂಧಕದ ಕೋಣೆಯ ಬಾಗಿಲ ಕಲ್ಲಿನ ಮೇಲೆ ಕೂತಿದ್ದಳು. ಕಣ್ಣು ಕೆಂಡ. ಸೊಂಟಕ್ಕೆ ಸಿಗಿಸಿದ್ದ ಪುಸ್ತಕ ತೆಗೆದು, "ಎಲ್ಲಿಗಿ ನಿಲ್ಸಿದ್ವಿ?" ಎಂದಳು, ಅಷ್ಟೆ.

ಅಂದಿನಿಂದ ಏಳೂ ಜನ ರೊಟ್ಟಿಗಂಟು ಹಿಡಿದು ಅಲ್ಲಿಗೇ ಹೋಗತೊಡಗಿದರು. ಕೆಲಸದ ಹೊತ್ತಿಗೆ ಓದಬಾರದೆಂದು ಹೇಳಿದ್ದರು, ಊಟದ ಹೊತ್ತಿನ ಮಾತು ಯಾರೂ ಎತ್ತಲಿಲ್ಲ. ಆರನೆಯ ತಿಂಗಳಿಗೆ ರುಕ್ಮವ್ವ ಒಂದು ಮಾತು ಓದಿ ಒಂದು ಉಸಿರು ತೆಗೆದುಕೊಳ್ಳುತ್ತಿದ್ದಳು. ಎಂಟನೆಯ ತಿಂಗಳಿಗೆ ಪುಸ್ತಕವನ್ನು ನೀಲಾ ಹಿಡಿಯುತ್ತಿದ್ದಳು. ಹಾರುವವಳ ಗುದ್ದುಗಳನ್ನು ಬೇರೆಯವರು ಗುದ್ದುತ್ತಿದ್ದರು. ಬಾವಿಯೊಳಗಿನ ನಗೆಯನ್ನು ಪೀರಾಂಬಿ ನಗುತ್ತಿದ್ದಳು. ನಡುವಿನ ಮಾತಷ್ಟೇ ರುಕ್ಮವ್ವನದು. ಕಡೆಕಡೆಗೆ ಅದೂ ತುಟಿಯ ಅಲುಗಾಟ. ಆದರೂ ಪೆನ್ಸಿಲು ಮಾತ್ರ ಬಿಡಲಿಲ್ಲ. ನಿಂತಲ್ಲಿ ಗೀಚಿಯೇ ಮುಚ್ಚುವುದು.

*

ಮೇಣದಬತ್ತಿ ಹಚ್ಚಿ, ಬೌದ್ಧರ ತ್ರಿಶರಣ ಹೇಳಿ, ಹನ್ನೆರಡಕ್ಕೆ ಹೆಣ ಎತ್ತಿದರು. ಕನಮಡಿಯಿಂದ ಬಂದ ನೆಂಟರು ಹೆಗಲು ಕೊಟ್ಟರು. ಮುಂದೆ ಭಾಗಪ್ಪ, ಓಣಿಯ ಎಲ್ಲ ಮಣ್ಣನ್ನೂ ಮುಂದೆ ನಿಂತು ಮಾಡಿಸುವ ಹಿರಿಯ. ಹೊರಡುವಾಗ ಅವನು ಒಂದು ಮಾತು ಹೇಳಿದ್ದ: ಅವಳು ದಿನಾ ಮುಟ್ಟುತ್ತಿದ್ದದ್ದನ್ನೆಲ್ಲ ತನ್ನಿ, ಜೊತೆಗಿಡಬೇಕು. ತಲೆ ಬಾಚುವ ಹಣಿಗೆ, ಎಲೆಯಡಿಕೆ ಚೀಲ, ಒಂದು ಸೀರೆ. ಪುಸ್ತಕದ ಗಂಟನ್ನು ನೀಲಾ ಎತ್ತಿಕೊಂಡಳು. ಯಾಕೆ ಎತ್ತಿಕೊಂಡೆನೆಂದು ಅವಳಿಗೇ ಗೊತ್ತಿರಲಿಲ್ಲ. ಕೈಗೆ ಏನಾದರೂ ಬೇಕಾಗಿತ್ತು.

ಸ್ಮಶಾನದಲ್ಲಿ ಕುಣಿ ಇನ್ನೂ ಆಗಿರಲಿಲ್ಲ. ಮೂರು ಅಡಿ ಕರಿಮಣ್ಣು ಸಲೀಸಾಗಿ ಬಂದಿತ್ತು, ಕೆಳಗೆ ಕಲ್ಲು ಬೆರೆತ ಹಸಿ ಕೆಂಪು ಗರಸು, ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಇನ್ನೊಂದು ತಾಸು ಬೇಕೆಂದರು. ಜನ ಅಲ್ಲಲ್ಲಿ ಕೂತರು, ಎದ್ದರು, ನೆರಳು ಹುಡುಕಿದರು. ಶ್ರೀಮಂತ ಎರಡು ಸಲ ಗಡಿಯಾರ ನೋಡಿದ, ಮೂರು ಸಲ ಫೋನು. ಬೇಲಿಯಾಚೆ ದ್ರಾಕ್ಷಿ ತೋಟದ ಕಂಬಸಾಲು ದೂರದವರೆಗೆ ಹೋಗಿತ್ತು. ಅಲ್ಲಿ ಔಷಧಿ ಹೊಡೆಯುತ್ತಿದ್ದವನ ಮುಖಕ್ಕೂ ಬರೀ ಟವೆಲು.

ಬೇವಿನ ಗಿಡದ ಕೆಳಗೆ ವಿಶಾಖಾ ಗಂಟು ಬಿಚ್ಚಿದಳು. ಅವ್ವನ ಪುಸ್ತಕಗಳನ್ನು ಅವಳು ಮುಟ್ಟಿದ್ದು ಅದೇ ಮೊದಲು. ಸಾಲಿಯಲ್ಲಿ ಕಲಿತ ಹಿಂದಿಯಲ್ಲಿ ಮಂಗಳದ ಪುಸ್ತಕದ ಮೊದಲ ಪುಟ ಓದಿದಳು, ಎರಡನೆಯದನ್ನೂ ಓದಿದಳು, ಮತ್ತೆ ಹಿಂದಕ್ಕೆ ತಿರುವಿದಳು.

"ನೀಲಕ್ಕ. ಇವರು ಕೂಲಿಯವರಲ್ಲ."

"ಅಂದ್ರ?"

"ಸೈನಿಕರಂತ ಬರದೈತಿ. ಬಂದೂಕು ನೋಡಿಲ್ಲೆ. ಕೆಲಸ ಮಾಡೋವು ಹಿಂದಿನ ಮಶೀನ. ಇವರು ಕಾವಲಿಗಿ ನಿಂತವರು."

ನೀಲಾ ಚಿತ್ರವನ್ನು ನೋಡಿದಳು. ಎಷ್ಟು ಸಲ ನೋಡಿದ್ದಳು. ಆ ಉದ್ದನೆಯದನ್ನು ಗುದ್ದಲಿಯ ಹಿಡಿಕೆ ಎಂದೇ ತಿಳಿದಿದ್ದಳು. ಹಾಗಾದರೆ ಒಂದು ತಪ್ಪು ಓದಿಗಾಗಿ ಎಂಟು ಜನ ಎದ್ದು ಹೋದದ್ದೆ? ಒಂದು ತಪ್ಪು ಓದಿಗಾಗಿ ತಾನು ಆ ಹೆಸರು ಹೇಳಿದ್ದೆ? ಅವಳು ಸತ್ತದ್ದೆ?

"ಅವ್ವ ಎಡವ್ಯಾಳ," ಎಂದಳು ವಿಶಾಖಾ, ಮೆಲ್ಲಗೆ. "ಗೊತ್ತಾಗಿಲ್ಲ ಆಕಿಗಿ."

"ಗೊತ್ತಿತ್ತವ್ವಾ."

ಹೇಳಿದವನು ಯುನುಸ. ಗಿಡದ ಬೊಡ್ಡೆಯ ಆಚೆ ಕೂತಿದ್ದವನು ಈಚೆ ಸರಿದ.

"ಮರಾಠಿಯೊಳಗೂ ಅದೇ ಮಾತಲ್ಲೇನು. ಆದ್ರೂ ನನ್ನ ಅಂಗಡಿ ಕಟ್ಟಿ ಮ್ಯಾಲ ಕುಂತು, ಇದು ಸೈನಿಕನ ಹೌದಿಲ್ಲೋ ಯುನುಸಭಾಯಿ, ಅಂದ್ಲು. ಹೌದಂದೆ. ಭಾಳ ಹೊತ್ತು ಪುಸ್ತಕ ನೋಡಿದ್ಲು. ಆಮ್ಯಾಲ, ನಮ್ಮ ಮೇಜಿನ್ಯಾಗ ಸೈನಿಕರು ಯಾರದಾರ್ರೀ, ಇವರನ್ನ ಕೂಲಿಗಿ ಹಚ್ಚತೀನಿ ಅಂತ ಎದ್ದು ಹೋದ್ಲು."

ಮೊದಲು ಪೀರಾಂಬಿಯ ಭುಜ ಅಲುಗಿತು. ಸ್ಮಶಾನದಲ್ಲಿ, ಹೆಣದ ಎದುರಿಗೆ, ಅವಳು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಬಾವಿಯ ನಗೆಯಲ್ಲ, ತನ್ನದೇ ನಗೆ. "ಹಾರಾಕಿಗಿ ರೊಟ್ಟಿ ತಿನ್ಸಿದಾಗನ ನನಗ ಸಂಶಯ ಇತ್ತು," ಎಂದಳು. ನಗುತ್ತಿದ್ದವಳು ಹಾಗೆಯೇ ಅಳತೊಡಗಿದಳು.

ನೀಲಾ ಮಾತ್ರ ಪುಸ್ತಕ ನೋಡುತ್ತಿದ್ದಳು.

ವಿಶಾಖಾಳ ಬದಿಯಲ್ಲಿ ಯುನುಸ ತಂದ ಈ ತಿಂಗಳ ಪುಸ್ತಕವಿತ್ತು. ಮುಖಪುಟದ ಮಂಗಳ ಈಗಷ್ಟೇ ಕಿತ್ತ ಟೊಮ್ಯಾಟೊ. ನೀಲಾಳ ಕೈಯಲ್ಲಿದ್ದದ್ದು ಹೋದ ಹಂಗಾಮಿನದು. ಅದರ ಮಂಗಳ ಮಜ್ಜಿಗೆಯಲ್ಲಿ ಅದ್ದಿದಂತೆ ಬಿಳಿಚಿತ್ತು. ಅವಳು ಗಂಟನ್ನೆಲ್ಲ ಹರಡಿದಳು. ಅದಕ್ಕೂ ಹಿಂದಿನ ವರ್ಷಗಳ ಪುಸ್ತಕಗಳು, ಮೂಲೆ ಮುದುಡಿದ್ದರೂ, ಬಣ್ಣ ಬಣ್ಣವಾಗಿಯೇ ಇದ್ದವು. ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಧಕದ ಕೋಣೆಯ ಒಳಗೆ ಹೊರಗೆ ಓಡಾಡಿದವು ಮಾತ್ರ ಹೀಗೆ. ಹಾರುವವಳ ಕೆಂಪು ಬಟ್ಟೆ ಬೆಳ್ಳಗೆ. ಬಾವಿಯ ಕತ್ತಲೆ ಬೂದಿ. ಕಂದು ದ್ರಾಕ್ಷಿಯನ್ನು ಬಂಗಾರ ಮಾಡುವ ಹೊಗೆ ಇಲ್ಲಿ ಬಣ್ಣವನ್ನೇ ತಿಂದುಹಾಕಿತ್ತು.

"ಇದೇನು ಗೀಚ್ಯಾಳ ನೋಡು," ಎಂದು ಅಂಚನ್ನು ವಿಶಾಖಾಳ ಮುಂದೆ ಹಿಡಿದಳು.

ಪೆನ್ಸಿಲಿನ ಮರಾಠಿ ಅಕ್ಷರ. ಹಳೆಯ ಪುಸ್ತಕಗಳಲ್ಲಿ ಒಂದು ತಾರೀಖು, ಪಕ್ಕಕ್ಕೆ 'ಮೇಜು.' ಬಿಳಿಚಿದ ಪುಸ್ತಕಗಳಲ್ಲಿ ತಾರೀಖು, ಪಕ್ಕಕ್ಕೆ 'ಗಂಧಕ ಖೋಲಿ,' ಎಂದರೆ ಗಂಧಕದ ಕೋಣೆ. ಪುಟ ತಿರುವಿದರೆ ಮರುದಿನದ ತಾರೀಖು, ಗಂಧಕ ಖೋಲಿ. ಮತ್ತೆ ಮರುದಿನ. ವಿಶಾಖಾ ಒಂದೊಂದನ್ನೇ ಗಟ್ಟಿಯಾಗಿ ಓದತೊಡಗಿದಳು. ಅಕ್ಷರ ಹೋಗಹೋಗುತ್ತ ಕೊಂಕಾದವು, ದೊಡ್ಡವಾದವು. ಕಡೆಯದು ಹತ್ತೊಂಬತ್ತು ದಿನದ ಹಿಂದಿನದು. ಅಲ್ಲಿ ಪೆನ್ಸಿಲು ಕಾಗದವನ್ನು ತೂತು ಮಾಡಿತ್ತು.

ತಲೆಯೆತ್ತಿದಾಗ ಶ್ರೀಮಂತ ಎದುರಿಗೆ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

*

ಕುಣಿಗೆ ಇಳಿಸಿದರು. ಭಾಗಪ್ಪ ಹಣಿಗೆ ಕೇಳಿದ. ನಾವು ಇದನ್ನೆಲ್ಲ ಬಿಟ್ಟು ಬೌದ್ಧರಾಗಿ ಎಷ್ಟು ವರ್ಷವಾಯಿತು ಕಾಕಾ ಎಂದು ವಿಶಾಖಾ ತಡೆದಳು. ಒಂದು ಹಣಿಗೆಗೆ ಬುದ್ಧ ಏನೂ ಅನ್ನುವುದಿಲ್ಲ ಎಂದು ಭಾಗಪ್ಪ ಅದನ್ನು ಇಳಿಸಿದ. ಎಲೆಯಡಿಕೆ ಚೀಲ. ಸೀರೆ.

"ಪುಸ್ತಕಾನೂ ಹಾಕ್ರಿ," ಎಂದ ಶ್ರೀಮಂತ, ಎಲ್ಲರಿಗೂ ಕೇಳುವಂತೆ. "ಜೀವಕ್ಕಿಂತ ಹೆಚ್ಚು ಮಾಡಿದ್ಲು ಪಾಪ. ಆಕಿ ಜೋಡಿನ ಹೋಗ್ಲಿ."

ಜನ ಹೌದೆಂದು ತಲೆಯಾಡಿಸಿದರು. ಕನಮಡಿಯ ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ಮಾತು ಅಷ್ಟು ಚೆನ್ನಾಗಿತ್ತು. ಭಾಗಪ್ಪ ಕುಣಿಯ ಅಂಚಿನಿಂದ ಕೈ ಚಾಚಿದ.

"ತಾರವ್ವಾ ನೀಲಾ."

ಶ್ರೀಮಂತ ಅವಳ ಪಕ್ಕಕ್ಕೆ ಬಂದು ಹೂವಿನ ಮಾಲೆ ಸರಿಪಡಿಸುವವನ ದನಿಯಲ್ಲಿ ಹೇಳಿದ. "ನಾಳಿಂದ ಆ ಕೋಣ್ಯಾಗ ಒಬ್ಬಾಕಿ ಬೇಕಾಗ್ಯಾಳ. ಯಾರನ್ನ ಹಾಕೂದಂತ ಇನ್ನಾ ಬರದಿಲ್ಲ."

ನೀಲಾ ಮುಂದೆ ಹೋದಳು. ಬಗ್ಗಿ ಗರಸು ಮಣ್ಣು ತೆಗೆದುಕೊಂಡು ಒಂದು ಮುಷ್ಟಿ ಒಳಗೆ ಹಾಕಿದಳು. ಪೀರಾಂಬಿ ಒಂದು ಮುಷ್ಟಿ. ಮೇಜಿನ ಉಳಿದ ಹೆಂಗಸರು ಒಂದೊಂದು. ಟ್ರೇಗೆ ಹಾಕುತ್ತಿದ್ದ ಕ್ರಮದಲ್ಲೇ, ಯಾರೂ ಹೇಳದೆ.

"ಮಣ್ಣು ಆತು. ಗಂಟು ಕೊಡು," ಎಂದ ಭಾಗಪ್ಪ.

ನೀಲಾ ಕುಣಿಯ ಅಂಚಿನ ಮಣ್ಣಗುಡ್ಡೆಯ ಮೇಲೆ ಕೂತಳು. ಅರೆಬಿಚ್ಚಿದ ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು.

"ಇಲ್ರಿ."

ಕೇಳಿಸಲಿಲ್ಲವೇನೋ ಎಂದು ಭಾಗಪ್ಪ ಕಿವಿ ಮುಂದೆ ತಂದ. ಶ್ರೀಮಂತ ಹೆಜ್ಜೆ ಮುಂದಿಟ್ಟು, ಅವಳ ಕೈಲಾಗದಿದ್ದರೆ ತಾನೇ ಹಾಕುವೆನೆಂದು ಗಂಟಿನ ಮೇಲೆ ಕೈಯಿಟ್ಟ. ಪೀರಾಂಬಿ ಬಂದು ನೀಲಾಳ ಎಡಕ್ಕೆ ಕೂತಳು, ಮೊಣಕೈಗೆ ಮೊಣಕೈ ತಾಗಿಸಿ.

"ಹಾಕಂಗಿಲ್ರಿ," ಎಂದಳು ನೀಲಾ. "ಇವು ನಾಳಿಗಿ ಆಫೀಸರಿಗಿ ತೋರ್ಸಾಕ ಬೇಕು. ಕೈ ತಗೀರಿ."

ಅವನು ತೆಗೆಯಲಿಲ್ಲ. ಅವಳು ತನ್ನ ಅಂಗೈಯನ್ನು ಮೇಲಿನ ಪುಸ್ತಕದ ಮೇಲೆ ಬಲವಾಗಿ ಒತ್ತಿ ಹಿಡಿದಳು. ಅಂಗೈಗೆ ಮೆತ್ತಿದ ಗರಸು ಇನ್ನೂ ಹಸಿಯಾಗಿತ್ತು. ಬಿಳಿಚಿಹೋದ ಮಂಗಳದ ಮೇಲೆ ಅವಳ ಐದು ಬೆರಳೂ ಕೆಂಪಗೆ ಮೂಡತೊಡಗಿದವು.